ಖಾನಾವಳಿಯಿಂದ ಚೈನೀಸ್ ಗಾಡಿಯವರೆಗೆ: ನಮ್ಮ ಸೀಮೆಯ ಊಟದ ಮನೆಗಳು

ರಾಜರು ಆಳಿದುದು, ಕೋಟೆಗಳು ಬಿದ್ದುದು, ದೇವಾಲಯಗಳು ಎದ್ದುದು ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿ ದೊರೆಯುತ್ತವೆ. ಜನರು ಮನೆ ಬಿಟ್ಟು ಹೊರಟಾಗ ಎಲ್ಲಿ ಉಂಡರು, ಯಾರ ಕೈಯಡುಗೆಯನ್ನು ಉಂಡರು, ಯಾರ ಮಗ್ಗುಲಲ್ಲಿ ಕುಳಿತು ಉಂಡರು ಎಂಬುದನ್ನು ಬರೆದಿಟ್ಟವರು ಬಹು ವಿರಳ. ಆದರೆ ಒಂದು ಸೀಮೆಯ ಜನಜೀವನ ಹೇಗೆ ಬದಲಾಯಿತೆಂಬುದನ್ನು ತಿಳಿಯಬೇಕಾದರೆ ಊಟದ ಮನೆಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಜಾತಿ, ದುಡಿಮೆ, ವಲಸೆ, ಭಾಷೆ, ಕಾನೂನು ಇವು ಐದೂ ಅಲ್ಲಿ ಒಂದೇ ಹಲಗೆಯ ಮೇಲೆ ಬಂದು ಕೂಡುತ್ತವೆ.

ಈ ವಿಷಯವನ್ನು ಕುರಿತು ಬರೆಯಲು ನಮಗೆ ಪ್ರೇರಣೆಯಾದುದು ಇಂದಿನ ಒಂದು ನೋಟ. ಕೊರೋಚಿಯಂತಹ ಊರುಗಳಿಂದ ಇಚಲಕರಂಜಿಯ ಕಡೆಗೆ ಸಂಜೆಯ ಹೊತ್ತು ಹೊರಟರೆ ರಸ್ತೆಯ ಇಕ್ಕೆಲಗಳಲ್ಲಿ ಕೆಂಪು ಬಣ್ಣದ ಚೈನೀಸ್ ಗಾಡಿಗಳು ಕಾಣುತ್ತವೆ. ದೊಡ್ಡ ಉರಿಯ ಮೇಲೆ ಕಡಾಯಿ ಸದ್ದು ಮಾಡುತ್ತಿರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಮಗ್ಗದ ಪಾಳಿ ಮುಗಿಸಿದ ತರುಣರು, ಕಾಲೇಜಿನ ಹುಡುಗರು, ಇತ್ತೀಚೆಗೆ ಹೆಂಡಿರು ಮಕ್ಕಳೊಡನೆ ಬಂದ ಗೃಹಸ್ಥರು ಸಹ ಕುಳಿತಿರುತ್ತಾರೆ. ನಮ್ಮ ವಯಸ್ಸಿನವರು ಇದನ್ನು ಕಂಡು, "ರೊಟ್ಟಿ ಬಿಟ್ಟು ಚೀನಾದವರ ಶಾವಿಗೆ ತಿನ್ನುವ ಕಾಲ ಬಂತು" ಎಂದು ನಿಟ್ಟುಸಿರು ಬಿಡುವುದುಂಟು. ಈ ನಿಟ್ಟುಸಿರಿನಲ್ಲಿ ಎಷ್ಟು ಸತ್ಯವಿದೆ? ಪರದೇಶದ ತಿನಿಸು ನಮ್ಮ ಹಳ್ಳಿಯ ರಸ್ತೆಗೆ ಬಂದುದು ಇದೇ ಮೊದಲೆ? ಈ ಪ್ರಶ್ನೆಗಳ ಬೆನ್ನು ಹತ್ತಿ ಹಿಂದಕ್ಕೆ ಹೋಗಿ ನೋಡೋಣ.

ಅನ್ನವನ್ನು ಮಾರದ ಕಾಲ

ನಮ್ಮ ಹಿರಿಯರಲ್ಲಿ ಅನ್ನವಿಕ್ರಯ ದೊಡ್ಡ ಪಾಪವೆಂಬ ನಂಬಿಕೆಯಿತ್ತು. ಹಸಿದು ಬಂದವನಿಗೆ ನೀಡಬೇಕು, ಬೆಲೆ ಕೇಳಬಾರದು. ಆದುದರಿಂದ ಹಳೆಯ ಕಾಲದಲ್ಲಿ ಪ್ರವಾಸಕ್ಕೆ ಹೊರಟವರಿಗೆ ಮೂರೇ ಆಸರೆಗಳು: ಕಟ್ಟಿಕೊಂಡ ಬುತ್ತಿ, ನಂಟರ ಮನೆ, ಮಠ ಅಥವಾ ಛತ್ರ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇದ್ದ ಬುತ್ತಿಯ ಗಂಟು ಎತ್ತಿನ ಗಾಡಿಯ ನೊಗಕ್ಕೆ ತೂಗಾಡುತ್ತ ಎರಡು ಮೂರು ದಿನದ ದಾರಿಯನ್ನು ಸಾಗಿಸುತ್ತಿತ್ತು. ರೊಟ್ಟಿ ಒಣಗಿದಷ್ಟೂ ಬಾಳುವುದು. ಬಿಸಿಲ ನಾಡಿನ ಬುದ್ಧಿವಂತಿಕೆ ಅದು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದಾಸೋಹವೆಂಬ ತತ್ತ್ವವನ್ನು ಆಚರಣೆಗೆ ತಂದರು. ಕುಲವನ್ನು ಕೇಳದೆ ಒಂದೇ ಪಂಕ್ತಿಯಲ್ಲಿ ಉಣ್ಣುವುದು ಅಂದಿನ ಸಮಾಜದಲ್ಲಿ ಎಷ್ಟು ದೊಡ್ಡ ಕ್ರಾಂತಿಯಾಗಿತ್ತೆಂಬುದನ್ನು ಇಂದು ಊಹಿಸುವುದೂ ಕಷ್ಟ. ಶರಣರ ಆಶಯ ಮಠಗಳ ದಾಸೋಹದಲ್ಲಿ ಉಳಿದುಬಂದಿತಾದರೂ, ಊರ ಬೀದಿಯಲ್ಲಿ ಪಂಕ್ತಿಭೇದ ಅಳಿಯಲಿಲ್ಲ. ಯಾರ ಕೈಯ ನೀರು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂಬ ಲೆಕ್ಕವೇ ಊಟದ ಮೊದಲ ಲೆಕ್ಕವಾಗಿತ್ತು. ಊಟದ ಮನೆಗಳು ನಮ್ಮ ನಾಡಿನಲ್ಲಿ ತಡವಾಗಿ ಹುಟ್ಟಿದುದಕ್ಕೆ ಈ ಲೆಕ್ಕವೇ ಬಹುಮಟ್ಟಿಗೆ ಕಾರಣ.

ಓದುವ ಹುಡುಗರ ಪಾಡು ಇನ್ನೂ ಕಠಿಣ. ಪರವೂರಿಗೆ ಹೋದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನದ ಮನೆಗಳಾದರೂ ದೊರೆಯುತ್ತಿದ್ದವು. ಉಳಿದವರಿಗೆ ಅದೂ ಇರಲಿಲ್ಲ. ಉಣ್ಣಲು ನೆಲೆಯಿಲ್ಲದ ಹುಡುಗನಿಗೆ ಶಾಲೆಯ ಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ ಒಂದೇ. ಈ ಮರ್ಮವನ್ನು ಅರಿತ ಅರಸು ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು. 1901ರಲ್ಲಿ ಮರಾಠಾ ಮತ್ತು ಜೈನ, 1906ರಲ್ಲಿ ಮುಸ್ಲಿಂ, 1907ರಲ್ಲಿ ಲಿಂಗಾಯತ, 1908ರಲ್ಲಿ ಅಸ್ಪೃಶ್ಯರಿಗಾಗಿ ಮಿಸ್ ಕ್ಲಾರ್ಕ್ ಹೀಗೆ ಒಂದರ ಹಿಂದೆ ಒಂದು ವಿದ್ಯಾರ್ಥಿ ವಸತಿಗೃಹಗಳು ಅವರ ಆಶ್ರಯದಲ್ಲಿ ಕೊಲ್ಲಾಪುರದಲ್ಲಿ ತಲೆಯೆತ್ತಿದವು. ಚಿಕ್ಕೋಡಿ, ಹುಕ್ಕೇರಿ, ಅಥಣಿ, ಜಮಖಂಡಿ ಸೀಮೆಗಳ ಕನ್ನಡದ ಹುಡುಗರಿಗೂ ಕೊಲ್ಲಾಪುರವು ವಿದ್ಯೆಯ ಊರಾಯಿತು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದ ಬಿ. ಡಿ. ಜತ್ತಿಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರೆಂಬುದನ್ನು ಇಲ್ಲಿ ನೆನೆಯಬಹುದು.

ಚಹಾ ಎಂಬ ಮೊದಲ ಪರದೇಶಿ

ನಮ್ಮ ಸೀಮೆಯ ಹಳ್ಳಿಗಳಲ್ಲಿ ದುಡ್ಡು ಕೊಟ್ಟು ಕುಳಿತು ಸೇವಿಸುವ ಪದ್ಧತಿಯನ್ನು ತಂದುದು ಅನ್ನವಲ್ಲ, ಚಹಾ. ಈ ಚಹಾ ಎಲ್ಲಿಯದು? ಗಿಡವೂ ಚೀನಾದ್ದು, ಹೆಸರೂ ಚೀನಾದ್ದು. ಚೀನೀ ಭಾಷೆಯ 'ಚಾ' ಎಂಬ ಶಬ್ದವು ಪರ್ಶಿಯಾದ ದಾರಿಯಿಂದಲೂ ಪೋರ್ಚುಗೀಜರ ಹಡಗಿನಿಂದಲೂ ಪಶ್ಚಿಮಕ್ಕೆ ಸಾಗಿತು. ಅದೇ ಚೀನಾದ ದಕ್ಷಿಣ ಕರಾವಳಿಯ ಒಂದು ಉಪಭಾಷೆಯಲ್ಲಿ ಅದಕ್ಕೆ 'ತೆ' ಎನ್ನುವರು. ಡಚ್ಚರು ಅದನ್ನು ಯುರೋಪಿಗೆ ಒಯ್ದರು, ಇಂಗ್ಲಿಷರು 'ಟೀ' ಮಾಡಿದರು. ಮೈಸೂರಿನ ಕಡೆಯವರು ಟೀ ಎಂದಾಗ, ನಾವು ಚಹಾ ಎಂದಾಗ, ಇಬ್ಬರೂ ಚೀನೀ ಶಬ್ದವನ್ನೇ ಆಡುತ್ತಿರುತ್ತೇವೆ. ದಾರಿ ಮಾತ್ರ ಬೇರೆ. ಅದಕ್ಕೆ ಬೆರೆಸುವ ಬಿಳಿ ಸಕ್ಕರೆಗೂ ಹಿಂದಿಯಲ್ಲಿ ಚೀನಿ ಎಂದೇ ಹೆಸರು. ಕುಡಿಯುವ ಕಪ್ಪು ಬಸಿ ಚೀನೀ ಮಣ್ಣಿನವು. ಹೀಗೆ ನೋಡಿದರೆ ಚೈನೀಸ್ ಗಾಡಿಗೆ ಎಷ್ಟೋ ಮೊದಲೇ ನಮ್ಮ ಊರ ಬಸ್ ನಿಲ್ದಾಣದಲ್ಲಿ ಚೀನಾ ಬಂದು ಕುಳಿತಿತ್ತು.

ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲ ಸಲ ಹರಾಜಾದುದು 1839ರಲ್ಲಿ. ಆ ಬಳಿಕವೂ ಬಹುಕಾಲ ಭಾರತದ ಸಾಮಾನ್ಯ ಜನರು ಚಹಾ ಕುಡಿಯುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಚಹಾ ಬೆಳೆಗಾರರ ಸಂಸ್ಥೆಗಳು ರೈಲು ನಿಲ್ದಾಣ, ಕಾರಖಾನೆ, ಜಾತ್ರೆ, ಸಂತೆಗಳಲ್ಲಿ ಪ್ರಚಾರ ಮಾಡಿ ಅದನ್ನು ರೂಢಿಗೆ ತಂದವು. ಮಿರಜ-ಕೊಲ್ಲಾಪುರ ರೈಲು ದಾರಿ 1891ರಲ್ಲೇ ತೆರೆದಿತ್ತು. ಹಾತಕಣಂಗಲೆಯ ನಿಲ್ದಾಣದಿಂದ ನಮ್ಮ ಭಾಗದ ಹಳ್ಳಿಗಳಿಗೆ ಸಾಮಾನು ಬಂದಂತೆ ರೂಢಿಗಳೂ ಬಂದವು.

ಚಹಾದಂಗಡಿ ಹುಟ್ಟಿದ ಕೂಡಲೆ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. ಒಂದೇ ಬಸಿಯಲ್ಲಿ ಎಲ್ಲರೂ ಕುಡಿಯಬಹುದೆ? ಈ ಪ್ರಶ್ನೆಗೆ ಕೊಲ್ಲಾಪುರದಲ್ಲಿ ದೊರೆತ ಉತ್ತರವನ್ನು ನಮ್ಮ ಮಕ್ಕಳು ತಿಳಿದಿರಬೇಕು. ಗಂಗಾರಾಮ ಕಾಂಬಳೆ ಎಂಬವರು ಅರಮನೆಯ ಕುದುರೆ ಲಾಯದ ಸೇವಕರು, ಮಹಾರ ಸಮಾಜದವರು. ಮೇಲ್ಜಾತಿಯವರ ನೀರನ್ನು ಮುಟ್ಟಿದರೆಂಬ ಕಾರಣಕ್ಕೆ ಅವರನ್ನು ಥಳಿಸಲಾಯಿತು. ಶಾಹೂ ಮಹಾರಾಜರು ಆಗ ಊರಲ್ಲಿರಲಿಲ್ಲ. ಮರಳಿ ಬಂದು ವಿಷಯ ತಿಳಿದು, ತಪ್ಪಿತಸ್ಥರನ್ನು ದಂಡಿಸಿದುದಲ್ಲದೆ, ಗಂಗಾರಾಮರಿಗೆ ಸ್ವತಂತ್ರ ಉದ್ಯೋಗ ಮಾಡಲು ಹಣದ ನೆರವನ್ನು ಕೊಟ್ಟರು. ಗಂಗಾರಾಮರು ನಗರದ ನಡುವೆ 'ಸತ್ಯಸುಧಾರಕ' ಎಂಬ ಚಹಾದಂಗಡಿಯನ್ನು ತೆರೆದರು. ಅಂಗಡಿ ಚೊಕ್ಕಟವಾಗಿತ್ತು, ಚಹಾ ಒಳ್ಳೆಯದಿತ್ತು; ಗಿರಾಕಿಗಳು ಮಾತ್ರ ಇರಲಿಲ್ಲ. ಇದನ್ನು ಅರಿತ ಮಹಾರಾಜರು ತಮ್ಮ ಸಾರೋಟನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ, ಎಲ್ಲರೂ ನೋಡುವಂತೆ ಗಂಗಾರಾಮರ ಕೈಯ ಚಹಾ ತರಿಸಿ ಕುಡಿಯತೊಡಗಿದರು. ಜೊತೆಯಲ್ಲಿದ್ದ ಸರದಾರರಿಗೂ ಅಧಿಕಾರಿಗಳಿಗೂ ಕುಡಿಸಿದರು. ಅರಸು ಕುಡಿದ ಮೇಲೆ ಬೇಡವೆನ್ನುವ ಎದೆ ಯಾರಿಗಿತ್ತು?

ಸಾರ್ವಜನಿಕ ಸ್ಥಳಗಳಲ್ಲಿ, ಶಾಲೆ, ಆಸ್ಪತ್ರೆಗಳಲ್ಲಿ ಅಸ್ಪೃಶ್ಯತೆಯನ್ನು ಆಚರಿಸಬಾರದೆಂದು ಮಹಾರಾಜರು 1919ರಲ್ಲಿ ಆಜ್ಞೆ ಹೊರಡಿಸಿದರು. 1920ರ ಮಾರ್ಚ್ 21 ಮತ್ತು 22ರಂದು ನಮ್ಮ ಹಾತಕಣಂಗಲೆ ತಾಲೂಕಿನ ಮಾಣಗಾವಿಯಲ್ಲಿ ನಡೆದ ಪರಿಷತ್ತಿನಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಅಧ್ಯಕ್ಷರಾಗಿದ್ದರು. ಶಾಹೂ ಮಹಾರಾಜರೂ ಬಂದು ಮಾತನಾಡಿದರು. ಆಜ್ಞೆಗಿಂತ, ಭಾಷಣಕ್ಕಿಂತ ಆ ಒಂದು ಬಸಿ ಚಹಾ ಜನರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯಿತೆಂದರೆ ಅತಿಶಯೋಕ್ತಿಯಾಗದು.

ಮಗ್ಗಗಳೂ ಖಾನಾವಳಿಗಳೂ

ಇಚಲಕರಂಜಿ ಕೊಲ್ಲಾಪುರ ಸಂಸ್ಥಾನದ ಅಧೀನದಲ್ಲಿದ್ದ ಘೋರ್ಪಡೆ ಮನೆತನದ ಜಹಗೀರು. ಅಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದರು. ಜಹಗೀರದಾರ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರು ಉದ್ಯೋಗಕ್ಕೆ ಇಂಬು ಕೊಟ್ಟರು. ಒಂದು ಮಗ್ಗದಿಂದ ಆರಂಭವಾದ ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತು. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಕೊರೋಚಿಯಂತಹ ಮಗ್ಗುಲ ಹಳ್ಳಿಗಳು ಅದರ ಮಗ್ಗದ ಸದ್ದಿನಲ್ಲೇ ಬೆಳೆದವು.

ಮಗ್ಗವೆಂದರೆ ಕೈಗಳು ಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೃಷ್ಣೆಯ ಆಚೆಯ ಕನ್ನಡ ಸೀಮೆಯಿಂದ ಗಂಡಸರು ಇಲ್ಲಿಗೆ ದುಡಿಯಲು ಬಂದರು. ಸಂಘದ ಸದಸ್ಯರಲ್ಲಿ ಎಷ್ಟೋ ಮನೆತನಗಳ ಕತೆ ಇಲ್ಲಿಂದಲೇ ಆರಂಭವಾಗುತ್ತದೆ. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು, ನಾಲ್ಕೈದು ಜನ ಕೂಡಿ ಒಂದು ಖೋಲಿ ಹಿಡಿದು, ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗಿ ದುಡಿದ ಕಾಲವದು. ಒಲೆ ಹೂಡಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಆಗ ಅವರನ್ನು ಸಲಹಿದುದು ಖಾನಾವಳಿ.

ಖಾನಾವಳಿ ಎಂಬ ಶಬ್ದವೇ ನಮ್ಮ ಗಡಿಯ ಬಾಳಿಗೆ ಕನ್ನಡಿ. ಮರಾಠಿಯವರು ಖಾನಾವಳ ಎನ್ನುವರು, ನಾವು ಕೊನೆಗೆ ಒಂದು ಇಕಾರ ಹಚ್ಚಿ ಖಾನಾವಳಿ ಎನ್ನುವೆವು. ಅವರದು ಭಾಕರಿ, ನಮ್ಮದು ರೊಟ್ಟಿ. ಕಲ್ಲು ಬೇರೆ ಹಿಟ್ಟು ಒಂದೆ. ಝುಣಕ ಇಬ್ಬರಿಗೂ ಝುಣಕವೇ. ಲಿಂಗಾಯತ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯೆ, ಶೇಂಗಾ ಹಿಂಡಿ, ಮೊಸರು. ಕೊಲ್ಲಾಪುರದ ಮಾಂಸದ ಖಾನಾವಳಿಯಲ್ಲಿ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ. ಹುಬ್ಬಳ್ಳಿ, ಗದಗಗಳ ಕಡೆ ಸಾವಜಿ ಸಮಾಜದವರ ಖಾರದ ಅಡುಗೆ. ಈ ಮೂರಕ್ಕೂ ಜೀವವಾದುದು ಒಣಮೆಣಸಿನಕಾಯಿ. ಗಡಹಿಂಗ್ಲಜದ ಪೇಟೆಯಲ್ಲಿ ಮಾರುವ ಸಂಕೇಶ್ವರಿ ಮೆಣಸಿನಕಾಯಿಯೂ, ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯೂ ಕೊಲ್ಲಾಪುರದ ಮಸಾಲೆಯಲ್ಲಿ ಕೂಡುತ್ತವೆ. ಒಂದು ಕಾರ ಕೊಡುತ್ತದೆ, ಇನ್ನೊಂದು ಬಣ್ಣ ಕೊಡುತ್ತದೆ. ಆ ಮೆಣಸಿನಕಾಯಿಯಾದರೂ ನಮ್ಮದೆ? ಅಮೆರಿಕಾ ಖಂಡದಿಂದ ಪೋರ್ಚುಗೀಜರು ತಂದದ್ದು. ಅದಕ್ಕೆ ಮೊದಲು ನಮ್ಮ ಅಡುಗೆಗೆ ಕಾರ ಕೊಟ್ಟದ್ದು ಕರಿಮೆಣಸು. ಪರದೇಶಿ ಕಾಯಿ ನಾಲ್ಕು ನೂರು ವರ್ಷದಲ್ಲಿ ನಮ್ಮ ಊರಿನ ಹೆಸರನ್ನೇ ಹೊತ್ತು ಕುಳಿತಿತು.

ಖಾನಾವಳಿಗಳನ್ನು ನಡೆಸಿದವರು ಬಹುತೇಕ ಹೆಣ್ಣುಮಕ್ಕಳು. ಗಂಡ ತೀರಿಕೊಂಡವರು, ಗಂಡನ ಸಂಬಳ ಸಾಲದವರು, ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಪರವೂರಿಗೆ ಬಂದವರು. ಕೈಯಲ್ಲಿದ್ದ ಬಂಡವಾಳ ಒಂದು ಹಂಚು, ಒಂದು ಒಲೆ, ಎರಡು ತೋಳು. ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಲು ಕುಳಿತರೆ ಬೆಳಗಿನ ಪಾಳಿಯವರಿಗೆ ಬುತ್ತಿ ಕಟ್ಟಿ, ರಾತ್ರಿ ಪಾಳಿಯಿಂದ ಬಂದವರಿಗೆ ಬಡಿಸಿ, ಮಧ್ಯಾಹ್ನಕ್ಕೆ ಮತ್ತೆ ಹಿಟ್ಟು ನಾದುವುದು. ಲೆಕ್ಕ ತಿಂಗಳದ್ದು. ಪಗಾರವಾದ ದಿನ ಕೆಲವರು ಕೊಡುತ್ತಿದ್ದರು, ಕೆಲವರು ಮುಂದಿನ ತಿಂಗಳು ಎನ್ನುತ್ತಿದ್ದರು, ಕೆಲವರು ಊರಿಗೆ ಹೋದವರು ಮರಳಿ ಬರುತ್ತಿರಲಿಲ್ಲ. ಓದು ಬರಹ ಬಾರದ ಆ ತಾಯಂದಿರು ಗೋಡೆಯ ಮೇಲೆ ಇದ್ದಲಿಯಿಂದ ಗೆರೆ ಹಾಕಿ ಲೆಕ್ಕ ಇಟ್ಟುದನ್ನು ನಾವು ನೋಡಿದ್ದೇವೆ. ಆ ಗೆರೆಗಳು ತಪ್ಪಿದುದನ್ನು ಮಾತ್ರ ನೋಡಿಲ್ಲ.

ಮುಂಬಯಿಯ ಗಿರಣಗಾವಿನಲ್ಲಿಯೂ ಕತೆ ಇದೇ. ಅಲ್ಲಿಯ ಖಾನಾವಳಿಯ ಹೆಣ್ಣುಮಕ್ಕಳನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲು ಪ್ರೇಮಾತಾಯಿ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಬ್ಯಾಂಕಿನಿಂದ ಸಾಲ ದೊರಕಿಸಿಕೊಟ್ಟರು. ಅನ್ನ ಬಡಿಸುವುದು ಮನೆಗೆಲಸವಲ್ಲ, ಉದ್ಯೋಗ ಎಂಬುದನ್ನು ನಾಡು ಒಪ್ಪಿದುದು ಅಂತಹ ಹೋರಾಟಗಳ ಬಳಿಕ. ಗಿರಣಿಯ ಇತಿಹಾಸ ಬರೆದವರು ಮಾಲೀಕರನ್ನು ನೆನೆದರು, ಕಾರ್ಮಿಕ ಮುಂದಾಳುಗಳನ್ನೂ ನೆನೆದರು. ಆ ಕಾರ್ಮಿಕರ ಹೊಟ್ಟೆಗೆ ಹಾಕಿದವರ ಹೆಸರುಗಳು ಎಲ್ಲಿ?

ಉಡುಪಿಯ ದಾರಿ

ಖಾನಾವಳಿ ಒಳಗಲ್ಲಿಯಲ್ಲಿ ಬೆಳೆದರೆ, ಹೆದ್ದಾರಿಯ ಮೇಲೆ ಬಂದುದು ಉಡುಪಿ ಹೋಟೆಲು. ದಕ್ಷಿಣ ಕನ್ನಡದ ಬಡ ಹುಡುಗರು ಅಡುಗೆಯೊಂದನ್ನೇ ವಿದ್ಯೆಯಾಗಿ ಹೊತ್ತು ಮದರಾಸು, ಬೆಂಗಳೂರು, ಮುಂಬಯಿಗಳಿಗೆ ಹೋದರು. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರಗೃಹವೇ ಮುಂದೆ ಎಂ.ಟಿ.ಆರ್. ಆಯಿತು. ಮದರಾಸಿನಲ್ಲಿ ಕೆ. ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಪುಣೆ-ಬೆಂಗಳೂರು ಹೆದ್ದಾರಿಯ ಕೊಲ್ಲಾಪುರ, ಕಾಗಲ, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿಗಳ ದಾರಿಯಲ್ಲಿಯೂ ಇಡ್ಲಿ, ದೋಸೆ, ಉಪ್ಪಿಟ್ಟುಗಳು ಬಂದು ನೆಲೆಸಿದವು. ರೊಟ್ಟಿಯ ನಾಡಿಗೆ ಅಂದು ಅವೂ ಪರಸ್ಥಳದ ತಿನಿಸುಗಳೇ. ಜ್ವರ ಬಂದವನಿಗೆ ಮಾತ್ರ ಅಕ್ಕಿಯ ತಿನಿಸೆಂದು ತಿಳಿದಿದ್ದ ನಮ್ಮ ಹಿರಿಯರು ಇಡ್ಲಿಯನ್ನು ಕಂಡು ನಕ್ಕರಂತೆ. ಇಂದು ಇಡ್ಲಿಯನ್ನು ಪರಕೀಯವೆನ್ನುವವರು ಯಾರಿದ್ದಾರೆ?

ಇಡ್ಲಿಯ ಮೂಲವನ್ನು ಅರಸಿದರೆ ಇನ್ನೂ ದೂರ ಹೋಗಬೇಕಾಗುತ್ತದೆ. ಶಿವಕೋಟ್ಯಾಚಾರ್ಯರ ವಡ್ಡಾರಾಧನೆಯಲ್ಲಿ, ಅಂದರೆ ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಇಡ್ಡಲಿಗೆಯ ಹೆಸರು ಬರುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮ ಉಂಟು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಉಂಟು. ಆದರೆ ಆ ಹಳೆಯ ಇಡ್ಡಲಿಗೆ ಉದ್ದಿನದು, ಅದರಲ್ಲಿ ಅಕ್ಕಿಯಿಲ್ಲ. ಅಕ್ಕಿ ಬೆರೆಸಿ ಹುಳಿ ಬರಿಸಿ ಉಗಿಯಲ್ಲಿ ಬೇಯಿಸುವ ಪದ್ಧತಿ ಇಂಡೊನೇಷ್ಯಾದ ಕಡೆಯಿಂದ ಬಂದಿರಬಹುದೆಂದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಆಚಯ ಅವರು ಊಹಿಸಿದ್ದಾರೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ, ಎಲ್ಲರೂ ಒಪ್ಪಿಲ್ಲ. ಆದರೂ, ನಾವು ನಮ್ಮದೆಂದು ಎದೆ ತಟ್ಟಿಕೊಳ್ಳುವ ತಿನಿಸಿನ ಬಗೆಗೆ ವಿದ್ವಾಂಸರು ಸಮುದ್ರದಾಚೆಗೆ ಕೈ ತೋರಿಸುತ್ತಾರೆಂಬುದು ಮನನ ಮಾಡತಕ್ಕ ಸಂಗತಿ.

ಉಡುಪಿ ಹೋಟೆಲುಗಳ ಹಳೆಯ ಕಾಲದಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇಡುವ ರೂಢಿ ಅನೇಕ ಊರುಗಳಲ್ಲಿತ್ತು. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದರು. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಅಲ್ಲಿ ಭೇದ ಸಲ್ಲದೆಂದು ಸಾರಿತು. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯದೆ ಅದಕ್ಕೆ ಶಿಕ್ಷೆಯನ್ನೂ ಗೊತ್ತುಪಡಿಸಿತು. ಸಂವಿಧಾನವನ್ನು ಬರೆದವರು ಚಹಾದಂಗಡಿಯನ್ನು ಮರೆಯಲಿಲ್ಲವೆಂಬುದನ್ನು ಗಮನಿಸಬೇಕು. ಮಾಣಗಾವಿಯ ಪರಿಷತ್ತಿನಲ್ಲಿ ಅಧ್ಯಕ್ಷರಾಗಿದ್ದವರೇ ಅಲ್ಲವೆ ಮುಂದೆ ಅದರ ಕರಡು ಸಮಿತಿಗೂ ಅಧ್ಯಕ್ಷರಾದವರು?

ಕಲಕತ್ತೆಯಿಂದ ನಮ್ಮ ರಸ್ತೆಗೆ

ಈಗ ಚೈನೀಸ್ ಗಾಡಿಯ ಕಡೆಗೆ ಬರೋಣ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಕಲಕತ್ತೆಯ ಹತ್ತಿರ ಹೂಗ್ಲಿಯ ದಂಡೆಯಲ್ಲಿ ಕಬ್ಬು ಬೆಳೆದು ಸಕ್ಕರೆ ಕಾರಖಾನೆ ಹೂಡಿದನು. ಆ ಸ್ಥಳಕ್ಕೆ ಇಂದಿಗೂ ಅಚ್ಚೀಪುರವೆಂದೇ ಹೆಸರು. ಕಬ್ಬಿನ ನಾಡಿನವರಾದ ನಮಗೆ ಈ ಸಂಗತಿ ಕುತೂಹಲ ತರಬೇಕು. ಅವನ ಹಿಂದೆ ಬಡಗಿಗಳು, ಚಮ್ಮಾರರು, ಚರ್ಮ ಹದ ಮಾಡುವವರು, ಅಡುಗೆಯವರು ಬಂದರು. ಕಲಕತ್ತೆಯಲ್ಲಿ ಚೀನೀಯರ ಓಣಿಗಳೇ ಎದ್ದವು. 1920ರ ದಶಕದಲ್ಲಿ ಅಲ್ಲಿ ನಾನ್‌ಕಿಂಗ್ ಎಂಬ ದೊಡ್ಡ ಊಟದ ಮನೆ ಆರಂಭವಾಯಿತು. 1962ರ ಯುದ್ಧದ ಬಳಿಕ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಇಲ್ಲಿಯೇ ಹುಟ್ಟಿ ಬೆಳೆದವರು ಒಂದು ರಾತ್ರಿಯಲ್ಲಿ ಪರಕೀಯರಾದರು. ಎಷ್ಟೋ ಜನ ದೇಶ ಬಿಟ್ಟರು. ಉಳಿದವರು ಒಲೆ ಆರಿಸಲಿಲ್ಲ.

ಅಂತಹ ಕಲಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿ ಮಾಂಸವನ್ನು ಗೋವಿನಜೋಳದ ಹಿಟ್ಟಿನಲ್ಲಿ ಕರಿದು, ನಮ್ಮವರಿಗೆ ಹಿಡಿಸುವಂತೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಸೋಯಾ ಸಾಸ್ ಬೆರೆಸಿ ಮಂಚೂರಿಯನ್ ಎಂಬ ಹೆಸರಿಟ್ಟರೆಂದು ಅವರೇ ಹೇಳಿಕೊಂಡಿದ್ದಾರೆ. ಚೀನಾದ ಮಂಚೂರಿಯಾದಲ್ಲಿ ಆ ತಿನಿಸು ಇಲ್ಲ. ಕೋಳಿಯ ಬದಲು ಹೂಕೋಸು ಬಂದಾಗ ಗೋಬಿ ಮಂಚೂರಿ ಆಯಿತು. ಶಾಕಾಹಾರಿಗಳ ಓಣಿಗೂ ಪ್ರವೇಶ ದೊರೆಯಿತು. ಆ ಹೂಕೋಸು 1822ರಲ್ಲಿ ಇಂಗ್ಲೆಂಡಿನಿಂದ ಸಹಾರನಪುರದ ತೋಟಕ್ಕೆ ಬಂದದ್ದು. ಮೆಣಸಿನಕಾಯಿ ಅಮೆರಿಕಾದ್ದು, ಸಾಸ್ ಚೀನಾದ್ದು, ರುಚಿಯ ಪುಡಿ 1908ರಲ್ಲಿ ಜಪಾನಿನ ವಿಜ್ಞಾನಿ ಇಕೇಡಾ ಕಂಡುಹಿಡಿದದ್ದು, ಒಗ್ಗರಣೆ ನಮ್ಮದು. ಕಡಾಯಿ ತಿರುವುವ ಕೈ ಬಹುಮಟ್ಟಿಗೆ ನೇಪಾಳದ ಅಥವಾ ಈಶಾನ್ಯದ ಹುಡುಗನದು. ಈಗೀಗ ನಮ್ಮ ಹುಡುಗರೂ ಕಲಿತಿದ್ದಾರೆ. ಇದನ್ನು ಚೀನಾದ ಊಟವೆನ್ನುವುದಕ್ಕಿಂತ ಹಿಂದುಸ್ತಾನದ ರಸ್ತೆಯ ಊಟವೆನ್ನುವುದೇ ಸರಿ.

ಏಷ್ಯಾದ ನಿಜವಾದ ಹಳ್ಳಿಯೂಟ ನಮ್ಮ ನಾಡಿನಲ್ಲಿ ಎಲ್ಲಿದೆ ಎಂದು ಕೇಳಿದರೆ ಬೈಲಕುಪ್ಪೆಗೂ ಮುಂಡಗೋಡಕ್ಕೂ ಹೋಗಬೇಕು. ಟಿಬೆಟಿನಿಂದ ನಿರಾಶ್ರಿತರಾಗಿ ಬಂದವರಿಗೆ ಅಂದಿನ ಮೈಸೂರು ರಾಜ್ಯ 1960ರ ಸುಮಾರಿಗೆ ಬೈಲಕುಪ್ಪೆಯಲ್ಲಿ, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ ಭೂಮಿ ಕೊಟ್ಟಿತು. ಹಿಮದ ನಾಡಿನವರು ಕಾಡು ಕಡಿದು ಗೋವಿನಜೋಳ ಬೆಳೆದರು. ಇಂದು ಅಲ್ಲಿಯ ಸಣ್ಣ ಊಟದ ಮನೆಗಳಲ್ಲಿ ಮೊಮೊ, ತುಕ್ಪಾಗಳನ್ನು ಸುತ್ತಲಿನ ರೈತರೂ ಉಣ್ಣುತ್ತಾರೆ. ಹಬೆಯಲ್ಲಿ ಬೆಂದ ಮೊಮೊವನ್ನು ಮೊದಲ ಸಲ ಕಂಡ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ನಾಗರಪಂಚಮಿಯ ಕುದಿಸಿದ ಕಡಬಿನಂತೆಯೇ ಕಂಡೀತು. ಬಡಿಸುವವರು ಕನ್ನಡದಲ್ಲಿಯೇ "ಇನ್ನೇನು ಬೇಕು?" ಎಂದು ಕೇಳುತ್ತಾರೆ. ನಾಡು ತನ್ನದಾಗುವುದು ಹೀಗೆಯೇ ಅಲ್ಲವೆ?

ಚಿಂತಿಸಬೇಕಾದುದು ಯಾವುದು

ಹೀಗಾಗಿ ಪರದೇಶದ ತಿನಿಸು ಬಂತೆಂದು ಮರುಗಲು ಇತಿಹಾಸವು ನಮಗೆ ಆಧಾರ ಕೊಡುವುದಿಲ್ಲ. ಬೇರೆ ಎರಡು ಸಂಗತಿಗಳಿಗಾಗಿ ಮಾತ್ರ ನಿಜಕ್ಕೂ ಚಿಂತಿಸಬೇಕು.

ಮೊದಲನೆಯದು ಬಣ್ಣ. 2024ರ ಮಾರ್ಚ್ 11ರಂದು ಕರ್ನಾಟಕ ಸರಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ, ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ರಾಸಾಯನಿಕವನ್ನೂ ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳಿದ್ದವು. 25 ಬಾಂಬೆ ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ರೋಡಮಿನ್-ಬಿ ಎಂದರೆ ಬಟ್ಟೆಗೆ ಹಾಕುವ ಬಣ್ಣ. ಬಟ್ಟೆಯ ಊರಿನವರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನೂಲಿಗೆ ಹಚ್ಚಿದ ಬಣ್ಣ ಕೈಯಿಂದ ಬಿಡಲು ಎಷ್ಟು ದಿನ ಬೇಕೆಂಬುದು ಇಲ್ಲಿಯ ಕಾರ್ಮಿಕರಿಗೆಲ್ಲ ಗೊತ್ತು. ಅಂತಹ ಬಣ್ಣವನ್ನು ಮಗುವಿನ ತಟ್ಟೆಗೆ ಹಾಕುವುದೆ? ಕೆಂಪು ಬೇಕೆನ್ನುವವರಿಗೆ ಬ್ಯಾಡಗಿ ಮೆಣಸಿನಕಾಯಿ ನೂರಾರು ವರ್ಷಗಳಿಂದ ಆ ಕೆಲಸವನ್ನು ಮಾಡುತ್ತ ಬಂದಿದೆ. ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜೀವಹಾನಿಯಾದುದನ್ನು ನಾವು ಮರೆತಿಲ್ಲ. ಗಾಡಿಯ ಮುಂದೆ ಕುಳಿತವರು ಬೆಲೆ ಕೇಳುವಂತೆ ನೀರು ಎಲ್ಲಿಯದೆಂದೂ ಕೇಳಬೇಕು. ಗಾಡಿಯವನ ಬದುಕನ್ನು ಕೆಡಿಸದೆ ಅವನ ಅಡುಗೆಯನ್ನು ತಿದ್ದಬಹುದು. ಗಿರಾಕಿಯ ಮಾತಿಗೆ ಆ ಶಕ್ತಿಯಿದೆ.

ಎರಡನೆಯದು ಖಾನಾವಳಿಯ ತಾಯಂದಿರು. ಸರಕಾರಗಳು ಅಗ್ಗದ ಊಟದ ಯೋಜನೆಗಳನ್ನು ತಂದಿವೆ. 1995ರಲ್ಲಿ ಮಹಾರಾಷ್ಟ್ರದಲ್ಲಿ ಒಂದು ರೂಪಾಯಿಗೆ ಝುಣಕ-ಭಾಕರಿ, 2017ರಲ್ಲಿ ಕರ್ನಾಟಕದಲ್ಲಿ ಇಂದಿರಾ ಕ್ಯಾಂಟೀನು, 2020ರಲ್ಲಿ 10 ರೂಪಾಯಿಗೆ ಶಿವಭೋಜನ ಥಾಳಿ. ಶಾಲೆಗಳಲ್ಲಿ ಬಿಸಿಯೂಟ ಬಂದಿದೆ. ಕರ್ನಾಟಕದಲ್ಲಿ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟುದು ಎಷ್ಟು ಅರ್ಥಪೂರ್ಣ! ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ನೋಡಿದಾಗಲೆಲ್ಲ, ಶಿಕ್ಷಕರಾಗಿ ನಾವು ಕಪ್ಪುಹಲಗೆಯ ಮೇಲೆ ಬರೆದ ಎಷ್ಟೋ ಪಾಠಗಳಿಗಿಂತ ಆ ಸಾಲು ಹೆಚ್ಚು ಕಲಿಸುತ್ತದೆಂದು ನಮಗೆ ತೋರಿದೆ. ಇವೆಲ್ಲ ಒಳ್ಳೆಯವೇ. ಆದರೆ ಯೋಜನೆಗಳಿಗೆ ಸರಕಾರದ ಕಡತದಲ್ಲಿ ದಾಖಲೆ ಉಂಟು. ಐವತ್ತು ವರ್ಷ ರೊಟ್ಟಿ ಬಡಿದು ನೂರಾರು ನೇಕಾರರನ್ನು ಸಾಕಿದ ಒಬ್ಬ ತಾಯಿಯ ದಾಖಲೆ ಗೋಡೆಯ ಮೇಲಿನ ಇದ್ದಲಿ ಗೆರೆಗಳಲ್ಲಿ ಮಾತ್ರ ಇತ್ತು. ಆ ಮನೆಗಳಿಗೆ ಸುಣ್ಣ ಬಳಿದು ಎಷ್ಟೋ ಕಾಲವಾಯಿತು.

ಆದುದರಿಂದ ಸಂಘದ ಬಂಧುಗಳಲ್ಲಿ, ವಿಶೇಷವಾಗಿ ತರುಣ ಸದಸ್ಯರಲ್ಲಿ, ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: ಈ ಊರಿಗೆ ಬಂದ ಮೊದಲ ವರ್ಷ ಅವರು ಎಲ್ಲಿ ಉಂಡರು? ಆ ತಾಯಿಯ ಹೆಸರೇನು, ಯಾವ ಊರಿನವರು, ಯಾವ ಭಾಷೆಯಾಡುತ್ತಿದ್ದರು, ತಿಂಗಳಿಗೆ ಎಷ್ಟು ಹಣ ತೆಗೆದುಕೊಳ್ಳುತ್ತಿದ್ದರು, ಹಣವಿಲ್ಲದ ತಿಂಗಳು ಏನು ಮಾಡಿದರು? ಉತ್ತರಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ನೂರು ಮನೆಗಳಿಂದ ನೂರು ಪುಟ ಬಂದರೆ ಈ ಸೀಮೆಯ ಕನ್ನಡಿಗರ ಇತಿಹಾಸಕ್ಕೆ ಅದಕ್ಕಿಂತ ಒಳ್ಳೆಯ ಆಕರ ಬೇಕಿಲ್ಲ. ಬಾಕಿ ಉಳಿಸಿ ಊರಿಗೆ ಹೋದವರ ಮೊಮ್ಮಕ್ಕಳು ನಮ್ಮಲ್ಲಿಯೂ ಇರಬಹುದು. ಆ ಹಣವನ್ನು ಇಂದು ತೀರಿಸಲಾಗದು. ಹೆಸರು ಬರೆದಿಟ್ಟು ಋಣವನ್ನಾದರೂ ಒಪ್ಪಿಕೊಳ್ಳಬಹುದು. ಅದೇ ನೋಟುಪುಸ್ತಕದ ಕೊನೆಯ ಪುಟದಲ್ಲಿ, ಚೈನೀಸ್ ಗಾಡಿಯ ಮುಂದೆ ಉರಿಗೆ ಮುಖ ಒಡ್ಡಿ ನಿಂತಿರುವ ಆ ನೇಪಾಳದ ಹುಡುಗನ ಹೆಸರನ್ನೂ, ಅವನ ಊರಿನ ಹೆಸರನ್ನೂ ಕೇಳಿ ಬರೆದುಕೊಳ್ಳಿರಿ.